ಮೊದಲ ಲೋಟ ಗೈಡಮ್ಮನದು

ಗೈಡ್ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಸತ್ಯನಾರಾಯಣಪೇಟೆಯ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕೋಟೆ ಯಾರು ಕಟ್ಟಿಸಿದ್ದು, ಯಾವ ರಾಜನ ಕಾಲ, ಬುರುಜು ಎಷ್ಟು ಎಂದು ಕೇಳಿದರು. "ಅವೆಲ್ಲಾ ಕಚೇರಿ ಪುಸ್ತಕದಾಗ ಅದಾವವ್ವ, ಓದಿಕೊಳ್ರಿ. ನಾ ಒಂದು ಹೇಳತೀನಿ, ಅದು ಪುಸ್ತಕದಾಗ ಇಲ್ಲ. ಯಾವ ಊರಾಗ ಯಾರು ಏನು ಕುಡಿಯಾಕ ಕೊಟ್ಟರೂ, ಮೊದಲು ಅವರ ಹಿತ್ತಲದಾಗಿನ ಹಗ್ಗ ನೋಡ್ರಿ" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಅರಳುಮರಳು ಎಂದುಕೊಂಡಿರಬೇಕು. ಐವತ್ತೈದಕ್ಕೆ ಸರ್ಕಾರ ಮನೆಗೆ ಕಳಿಸುತ್ತದೆ, ಸರಿ. ಆದರೆ ಅರಳುಮರಳು ಅಷ್ಟು ಬೇಗ ಬರುವುದಿಲ್ಲ. ಅವರು ಹೋದ ಮೇಲೆ ಚಹಾದ ಲೋಟ ತೊಳೆಯುತ್ತಾ ಯೋಚಿಸಿದೆ. ಆ ಮಾತು ನನಗೆ ಎಲ್ಲಿ ಸಿಕ್ಕಿತು ಎಂಬುದನ್ನು ಬರೆಯದೆ ಹೋದರೆ ಅವರ ನಗುವೇ ಸರಿ ಎಂದಾಗುತ್ತದೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಪ್ರವಾಸಿ ಕಚೇರಿ ಕಂಟೋನ್ಮೆಂಟಿನಲ್ಲಿ ಹಳೆಯ ಬಂಗಲೆಯೊಂದರ ಹಿಂಬದಿಯ ಎರಡು ಕೋಣೆಗಳಲ್ಲಿ ಇತ್ತು. ಮ್ಯಾನೇಜರ್ ವೆಂಕೋಬರಾಯರು, ಡ್ರೈವರ್ ಖಾದರ್, ಒಂದು ಬಸ್ಸು, ಮತ್ತು ನಾನು. ನನ್ನದು ತಾತ್ಕಾಲಿಕ ನೌಕರಿ. ತೆಲುಗು ಬರುತ್ತದೆ ಎಂದು ತೆಗೆದುಕೊಂಡಿದ್ದರು. ಆದವಾನಿ, ಗುಂತಕಲ್ಲಿನ ಕಡೆಯಿಂದ ಬರುವವರೇ ನಮಗೆ ಹೆಚ್ಚು. ಭಾನುವಾರ ಬೆಳಿಗ್ಗೆ ಬಳ್ಳಾರಿ ಕೋಟೆ, ಮಧ್ಯಾಹ್ನ ಕುರುಗೋಡಿನ ದೊಡ್ಡ ಬಸವಣ್ಣನ ಗುಡಿ, ಸಂಜೆ ಸಿರುಗುಪ್ಪ ದಾಟಿ ಕೆಂಚನಗುಡ್ಡದ ಹತ್ತಿರ ತುಂಗಭದ್ರೆಯ ದಂಡೆ, ಅಲ್ಲಿಂದ ವಾಪಸ್ಸು. ನಮ್ಮ ಪ್ರವಾಸ ಎಂದರೆ ಇಷ್ಟೇ.

ಮೊದಮೊದಲು ನನಗೆ 'ಗೊತ್ತಿಲ್ಲ' ಎನ್ನಲು ಹೆದರಿಕೆ. ಗೈಡ್ ಆದವಳು ಎಲ್ಲದಕ್ಕೂ ಉತ್ತರ ಕೊಡಬೇಕು ಎಂದುಕೊಂಡಿದ್ದೆ. ಒಬ್ಬ ಅಜ್ಜ ಆ ದೊಡ್ಡ ಬಸವಣ್ಣನ ಮುಂದೆ ನಿಂತು "ಇದರ ತೂಕ ಎಷ್ಟಮ್ಮ?" ಎಂದು ಕೇಳಿದ. ಬಾಯಿಗೆ ಬಂದಷ್ಟು ಮಣ ಹೇಳಿಬಿಟ್ಟೆ. ಅಜ್ಜ ತಲೆಯಾಡಿಸಿ, "ಹೌದಾ. ಯಾವ ತಕ್ಕಡಿಯೊಳಗ ತೂಗಿದ್ರಿ ಗೈಡಮ್ಮ? ನಮ್ಮೂರ ಅಡತಿ ಅಂಗಡಿಗೆ ಅಂಥದ್ದೊಂದು ಬೇಕಾಗಿತ್ತು" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅವತ್ತಿನಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ಕಲಿತೆ. ಗೊತ್ತಿದ್ದದ್ದನ್ನು ಹೇಳುವುದು ಅದಕ್ಕಿಂತ ಕಷ್ಟ ಎಂದು ತಿಳಿದದ್ದು ಆಮೇಲೆ.

ಎಪ್ಪತ್ತರ ದಶಕದ ಒಂದು ಮಳೆಗಾಲದ ಆರಂಭ. ಬೇಸಿಗೆಯಲ್ಲಿ ಬತ್ತಿದ್ದ ಕಾಲುವೆಗೆ ಕೆಂಪು ನೀರು ಬಂತು. ನೀರಿನ ಹಿಂದೆಯೇ ಸಿರುಗುಪ್ಪದ ಕಡೆ ಹಳ್ಳಿಗಳಲ್ಲಿ ವಾಂತಿಭೇದಿ ಬಂತು. ಕಾಲರಾ. ಈ ಹೆಸರನ್ನು ಈಗ ಬರೆಯುತ್ತಿದ್ದೇನೆ, ಆಗ ಯಾರೂ ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ. ಹೆಸರು ಕರೆದರೆ ಓಗೊಟ್ಟು ಬರುತ್ತದೆ ಎಂದು ಹಳ್ಳಿಯವರ ನಂಬಿಕೆ. "ಅದು ಬಂದೈತಂತ" ಎನ್ನುತ್ತಿದ್ದರು, ಅಷ್ಟೇ. ಬೆಳಿಗ್ಗೆ ಗದ್ದೆಗೆ ಹೋದವನು ಸಂಜೆಗೆ ಇಲ್ಲ ಎಂಬ ಸುದ್ದಿಗಳು ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದವು. ಬೀದಿಯಲ್ಲಿ ಕತ್ತರಿಸಿದ ಹಣ್ಣು ಮಾರುವವರು ಕಾಣೆಯಾದರು. ನಮ್ಮ ಬಸ್ಸು ಎರಡು ಭಾನುವಾರ ಖಾಲಿ ನಿಂತಿತು.

ಮೇಲಿನಿಂದ ಆದೇಶ ಬಂತು: ಜನ ಹೆದರಿ ಮನೆಯಲ್ಲಿ ಕುಳಿತಿದ್ದಾರೆ, ಪ್ರವಾಸಕ್ಕೆ ಹುರಿದುಂಬಿಸಿ, ನಮ್ಮ ಜಿಲ್ಲೆ ಸುರಕ್ಷಿತ ಎಂದು ತೋರಿಸಿ. ಬಸ್ಸು ತುಂಬದಿದ್ದರೆ ಅದನ್ನು ಬೇರೆ ಜಿಲ್ಲೆಗೆ ಕಳಿಸುವ ಮಾತೂ ಇತ್ತು. ಬಸ್ಸು ಹೋದರೆ ನನ್ನ ಕೆಲಸವೂ ಅದರ ಹಿಂದೆ.

ವೆಂಕೋಬರಾಯರು ನನ್ನನ್ನೂ ಖಾದರನನ್ನೂ ಕರೆದು ನಿಲ್ಲಿಸಿದರು.

"ನೋಡಮ್ಮ ಶಾಂತಮ್ಮ, ಆ ಹೆಸರು ಬಸ್ಸಿನಾಗ ಯಾರೂ ಎತ್ತಬಾರದು. ಯಾರರ ಕೇಳಿದ್ರ, ಹೊಸ ನೀರಿಗೆ ನಾಕು ಮಂದಿ ಹೊಟ್ಟಿ ಕೆಟ್ಟಿತ್ತು, ಈಗ ಸರಿಯಾತು ಅಂತ ಹೇಳ್ರಿ. ಇನ್ನೊಂದು. ಮಂದಿ ನಮ್ಮ ಮಾತು ನಂಬೂದಿಲ್ಲ, ಬಾಯಿ ನೋಡ್ತಾರ. ಎಲ್ಲೇ ನೀರು ಕೊಡಲಿ, ಮಜ್ಜಿಗಿ ಕೊಡಲಿ, ಮೊದಲ ಲೋಟ ನೀವ ಕುಡೀಬೇಕು. ಎಲ್ಲಾರಿಗೂ ಕಾಣೋ ಹಂಗ. ಕುಡದು ನಗಬೇಕು."

ಹೀಗೆ ಹೇಳುವಾಗ ಅವರ ಮೇಜಿನ ಮೇಲೆ ಮನೆಯಿಂದ ತಂದ ತಾಮ್ರದ ಚಂಬು ಇತ್ತು. ಕುದಿಸಿ ಆರಿಸಿದ ನೀರು, ಬಾಯಿಗೆ ಮಡಿಬಟ್ಟೆ ಕಟ್ಟಿದ್ದು. ನಾನು ಅದರ ಕಡೆ ನೋಡಿದ್ದನ್ನು ಅವರು ನೋಡಿದರು. "ನನ್ನ ಹೊಟ್ಟಿ ಸೂಕ್ಷ್ಮ" ಎಂದರು.

ಹೊರಗೆ ಬಂದ ಮೇಲೆ ಖಾದರ್, "ಸಾಹೇಬ್ರ ಹೊಟ್ಟಿ ಸೂಕ್ಷ್ಮ, ನಮ್ದು ಡೀಸೆಲ್ ಟ್ಯಾಂಕು, ಅಲ್ಲೇನ್ರಿ ಅಕ್ಕಾರ?" ಎಂದ. ನಕ್ಕೆವು. ನಕ್ಕರೂ ನನ್ನ ಅಂಗೈ ತಣ್ಣಗಾಗಿತ್ತು.

ಆ ದಿನಗಳಲ್ಲಿ ಪ್ರವಾಸ ಮುಗಿಸಿ ಮನೆಗೆ ಬಂದರೆ ನಾನು ಹೊಸ್ತಿಲು ದಾಟುತ್ತಿರಲಿಲ್ಲ. ಹಿಂದಿನ ಬಾಗಿಲಿನಿಂದ ಬಚ್ಚಲಿಗೆ ಹೋಗಿ, ಸೀರೆಯನ್ನು ಕುದಿಯುವ ನೀರಿಗೆ ಹಾಕಿ, ಮೈ ತೊಳೆದುಕೊಂಡ ಮೇಲೆ ಮಗಳನ್ನು ಮುಟ್ಟುತ್ತಿದ್ದೆ. ನನ್ನ ಯಜಮಾನರು, "ಬಿಟ್ಟುಬಿಡು ಆ ನೌಕರಿ" ಎಂದು ಒಮ್ಮೆ ಹೇಳಿದರು, ಎರಡನೆಯ ಸಲ ಹೇಳಲಿಲ್ಲ. ಹಾಸಿಗೆಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುತ್ತಿದ್ದೆ. ಒಳಗೆ ಏನಾದರೂ ಗುಡುಗುಡು ಎಂದರೆ ಆ ದಿನ ಕುಡಿದ ಲೋಟಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುವುದು: ಇದು ಕೋಟೆಯ ಕೆಳಗಿನದೋ, ಕುರುಗೋಡಿನದೋ, ನದಿಯ ದಂಡೆಯದೋ.

ಆದೇಶದ ನಂತರದ ಮೊದಲ ಭಾನುವಾರ ಅರ್ಧ ಬಸ್ಸು ಜನ ಬಂದರು. ಸಿರುಗುಪ್ಪದ ದಾರಿಯಲ್ಲಿ ಸಿರಿಗೇರಿ ಕ್ರಾಸಿಗೆ ಬಂದಾಗ ರಸ್ತೆಗೆ ಅಡ್ಡ ಬೊಂಬು ಕಟ್ಟಿದ್ದರು. ಬೇವಿನ ಗಿಡದ ಕೆಳಗೆ ಆರೋಗ್ಯದವರ ಮೇಜು, ಅದರ ಮೇಲೆ ಉರಿಯುವ ದೀಪ, ದೀಪದ ಮೇಲಿನ ಬಟ್ಟಲಿನಲ್ಲಿ ಸೂಜಿ ಕುದಿಯುತ್ತಿತ್ತು. ಒಬ್ಬಾತ ಬಸ್ಸು ಹತ್ತಿ, "ಕಾಲರಾ ಇಂಜೆಕ್ಷನ್ನು. ಎಲ್ಲಾರೂ ತೋಳು ಮ್ಯಾಲ ಮಾಡ್ರಿ" ಎಂದುಬಿಟ್ಟ. ನಾನು ಬೆಳಗಿನಿಂದ ಬಚ್ಚಿಟ್ಟುಕೊಂಡು ಬಂದ ಹೆಸರು ಒಂದೇ ಉಸಿರಿನಲ್ಲಿ ಹೊರಬಿತ್ತು.

ಹೆಂಗಸರು ಅಳತೊಡಗಿದರು. ನಾನು ಇಳಿದು ಹೋಗಿ ಎಲ್ಲರಿಗೂ ಕಾಣುವಂತೆ ಮೊದಲು ಚುಚ್ಚಿಸಿಕೊಂಡೆ, ನಕ್ಕೆ ಕೂಡ. ಹಿಂದಿರುಗಿ ನೋಡಿದರೆ ಆದವಾನಿಯ ರೈತನೊಬ್ಬ ಹಿಂದಿನ ಕಿಟಕಿಯಿಂದ ಹಾರಿ ಹೊಲದಲ್ಲಿ ಓಡುತ್ತಿದ್ದ. ಅವನ ಚಪ್ಪಲಿ ಸೀಟಿನ ಕೆಳಗೇ ಉಳಿದಿತ್ತು. ಮೊದಲ ಲೋಟ ನಾನು ಕುಡಿದರೆ ಹಿಂದೆ ಎಲ್ಲರೂ ಕುಡಿಯುತ್ತಿದ್ದರು. ಮೊದಲ ಸೂಜಿ ನಾನು ಚುಚ್ಚಿಸಿಕೊಂಡರೆ ಹಿಂದೆ ಯಾರೂ ಬರಲಿಲ್ಲ. ಈ ಕೆಲಸದಲ್ಲಿ ಜನರ ನಂಬಿಕೆಯ ಬಗ್ಗೆ ನಾನು ಕಲಿತದ್ದರಲ್ಲಿ ಅರ್ಧ ಇಷ್ಟೇ.

ಮ್ಯಾನೇಜರಿಗೆ ವರದಿ ಮುಟ್ಟಿತು. ಅವರು ಕಂಡ ಪರಿಹಾರ: "ಇನ್ನ ಆ ಕ್ರಾಸಿನ ಮ್ಯಾಲ ಹೋಗಬ್ಯಾಡ್ರಿ. ಕುರುಗೋಡಿನಿಂದ ಒಳದಾರಿ ಹಿಡದು ಸಿರುಗುಪ್ಪಕ್ಕ ಹೋಗ್ರಿ." ಜಡ್ಡಿನಿಂದ ತಪ್ಪಿಸಿಕೊಳ್ಳುವ ದಾರಿ ಬಿಟ್ಟು ಸೂಜಿಯಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕಿದರಲ್ಲ ಎಂದು ಖಾದರ್ ಹಣೆ ಚಚ್ಚಿಕೊಂಡ.

ಕುರುಗೋಡಿನಲ್ಲಿ ಗುಡಿಯ ಹತ್ತಿರ ಬಸಮ್ಮ ಎಂಬುವರ ಮನೆ. ನಮ್ಮ ಪ್ರವಾಸಿಗರಿಗೆ ಮಂಡಕ್ಕಿ ವಗ್ಗರಣಿ, ಮೆಣಸಿನಕಾಯಿ ಭಜಿ, ಮಜ್ಜಿಗೆ ಅಲ್ಲೇ. ನನಗಿಂತ ನಾಲ್ಕೈದು ವರ್ಷ ದೊಡ್ಡವರಾದರೂ ನನ್ನನ್ನೇ ಅಕ್ಕ ಎನ್ನುತ್ತಿದ್ದರು. ಮಗಳು ನಾಗಮ್ಮನಿಗೆ ಸಿರುಗುಪ್ಪದ ಕಡೆ ಗಂಡು ಗೊತ್ತಾಗಿತ್ತು. ಆ ಹುಡುಗಿಯೇ ಲೋಟ ತೊಳೆದು ಕಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕುತ್ತಿದ್ದಳು, ಒಂದು ಲೋಟ ಸಾಲು ತಪ್ಪಿದರೂ ಎದ್ದು ಬಂದು ಸರಿಮಾಡುತ್ತಿದ್ದಳು.

ಊರ ಬಾವಿಗೆಲ್ಲ ಆಗ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರು. ಸೂಜಿಯ ಆ ಭಾನುವಾರವೇ ಮಧ್ಯಾಹ್ನ ಪ್ರವಾಸಿಯೊಬ್ಬ ಬಸಮ್ಮನ ಮಜ್ಜಿಗೆಯನ್ನು ಬಾಯಿಗೆ ಹಾಕಿಕೊಂಡು ಪಕ್ಕಕ್ಕೆ ಉಗುಳಿದ. "ಏನಮ್ಮ ಇದು, ಮಜ್ಜಿಗೆಗೆ ಆಸ್ಪತ್ರೆ ವಾಸನೆ?" ಬಸಮ್ಮನ ಮುಖ ಸಣ್ಣದಾಯಿತು. ಬಂದವರ ಬಾಯಿಗೆ ಹಾಕಿದ್ದನ್ನು ಅವರು ಉಗುಳುವುದು ಆ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಮುಂದಿನ ಭಾನುವಾರ ಬಸ್ಸು ಪೂರ್ತಿ ತುಂಬಿತು. ಕೊಪ್ಪಳದ ಕಡೆಯ ಹೆಡ್‌ಮಾಸ್ತರೊಬ್ಬರು ತಮ್ಮ ಶಾಲೆಯ ಮಾಸ್ತರುಗಳನ್ನೂ ಅವರ ಮನೆಯವರನ್ನೂ ಕರೆದುಕೊಂಡು ಬಂದಿದ್ದರು. ಗುಂತಕಲ್ಲಿನಿಂದ ಎಳೆ ಕೂಸಿನ ಜೊತೆ ಗಂಡ ಹೆಂಡತಿ ಇದ್ದರು. ವೆಂಕೋಬರಾಯರು ತಾವೇ ಬಂದು ಬಸ್ಸಿನ ಮೂತಿಗೆ ಹೂವಿನ ಹಾರ ಹಾಕಿಸಿ, "ನೋಡಿದ್ರ್ಯಾ ಶಾಂತಮ್ಮ, ಮಂದಿ ಭಯ ಹೋತು!" ಎಂದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕುರುಗೋಡಿನಲ್ಲಿ ಗುಡಿ ನೋಡಿ ಬಸಮ್ಮನ ಅಂಗಳಕ್ಕೆ ಬಂದೆವು. ಲೋಟಗಳು ಕಟ್ಟೆಯ ಮೇಲೆ ಇದ್ದವು, ಸಾಲು ಮಾತ್ರ ಡೊಂಕು. ನಾಗಮ್ಮ ಕಾಣಲಿಲ್ಲ. ನಾನು ಯಾವಾಗಲೂ ಹಿತ್ತಲಿಗೆ ಹೋಗಿ ಕೈಕಾಲು ತೊಳೆಯುವವಳು. ಅವತ್ತು ಬಸಮ್ಮ ಬಾಗಿಲಿಗೆ ಅಡ್ಡ ಬಂದರು.

"ಇಲ್ಲೇ ತೊಳಕೊಳ್ರಿ ಅಕ್ಕ. ಹಿತ್ತಲದಾಗ ಕೆಸರಾಗೇತಿ."

"ನಾಗಿ ಎಲ್ಲಿ?"

"ಬೀಗರ ಊರಿಗೆ ಹೋಗ್ಯಾಳ, ಅವರಪ್ಪನ ಜೋಡಿ."

ಆ ವಾರ ಕುರುಗೋಡಿನಲ್ಲಿ ಮಳೆಯೇ ಆಗಿರಲಿಲ್ಲ. ಕೆಸರೆಲ್ಲಿಂದ? ಮದುವೆಗೆ ಮುಂಚೆ ಹುಡುಗಿಯನ್ನು ಬೀಗರ ಊರಿಗೆ ಯಾರು ಕರೆದೊಯ್ಯುತ್ತಾರೆ? ಇದನ್ನೆಲ್ಲ ನಾನು ಆ ಕ್ಷಣ ಇಷ್ಟು ಚೊಕ್ಕವಾಗಿ ಯೋಚಿಸಲಿಲ್ಲ, ಏನೋ ಚುಚ್ಚಿತು ಅಷ್ಟೇ. ಕೈ ತೊಳೆಯಲು ಮಗ್ಗುಲ ಓಣಿಯ ಕಡೆ ಸರಿದೆ. ಗಿಡ್ಡ ಗೋಡೆಯಾಚೆ ಹಿತ್ತಲು ಕಾಣಿಸಿತು. ಹಗ್ಗದ ಮೇಲೆ ಒಂದೇ ಹುಡುಗಿಯ ಲಂಗ ದಾವಣಿ, ಜೊತೆಯ ಮೇಲೆ ಜೊತೆ ಒಣಹಾಕಿತ್ತು. ಪಕ್ಕದಲ್ಲಿ ಹೊದೆಯುವ ಎರಡು ಕೌದಿ, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಕೌದಿ ಒಗೆಯುವುದು ಎಂದರೆ ಹಬ್ಬದ ಮುಂದಿನ ಕೆಲಸ, ಇಬ್ಬರು ಮೂವರು ಹೆಂಗಸರು ಸೇರಿ ಹಿಂಡಬೇಕು. ಬಸ್ಸು ತುಂಬಾ ಮಂದಿ ಊಟಕ್ಕೆ ಬರುವ ದಿನ ಒಬ್ಬಳೇ ಹೆಂಗಸು ಕೌದಿ ಒಗೆಯುವುದಿಲ್ಲ. ಹಿತ್ತಲ ಬಾಗಿಲಿನಿಂದ ಗೋಡೆಯವರೆಗೆ ನೆಲಕ್ಕೆಲ್ಲ ಒಲೆಯ ಬೂದಿ ಚೆಲ್ಲಿತ್ತು.

ಹಿತ್ತಲ ಬಾವಿಯ ಹಗ್ಗವೂ ಹಸಿಯಾಗಿತ್ತು. ಅದು ಮನೆಯವರ ಸ್ವಂತ ಹಳೆಯ ಬಾವಿ, ಪೌಡರ್ ಹಾಕುವವರು ಅಲ್ಲಿಗೆ ಬರುತ್ತಿರಲಿಲ್ಲ. ಮಜ್ಜಿಗೆಗೆ ವಾಸನೆ ಬರಬಾರದೆಂದು ಬಸಮ್ಮ ಅದರಿಂದಲೇ ನೀರು ಸೇದಿದ್ದರು.

ನಾನು ಅಂಗಳಕ್ಕೆ ತಿರುಗಿ ಬರುವಷ್ಟರಲ್ಲಿ ಲೋಟಗಳು ತುಂಬಿದ್ದವು. ಕರಿಬೇವು, ಶುಂಠಿ, ಇಂಗು. ಬಿಸಿಲಿನಲ್ಲಿ ಬಂದವರಿಗೆ ವಾಸನೆಯೇ ಸಾಕು. ಬಸಮ್ಮ ಮೊದಲ ಲೋಟವನ್ನು ನನ್ನ ಕೈಗಿಟ್ಟರು. ಬಸ್ಸಿನ ಮಂದಿಯೆಲ್ಲ ನನ್ನ ಬಾಯಿ ನೋಡುತ್ತಾ ನಿಂತಿದ್ದರು.

"ಇವತ್ತು... ಇವತ್ತು ನಂದು ಉಪವಾಸ" ಎಂದೆ.

"ಉಪವಾಸಕ್ಕ ಮಜ್ಜಿಗೀನ ಬೇಕಲ್ರೀ ಗೈಡಮ್ಮ!" ಎಂದು ಹೆಡ್‌ಮಾಸ್ತರು ನಕ್ಕು, ಒಂದು ಲೋಟ ಎತ್ತಿ ಗಟಗಟ ಕುಡಿದು, ಇನ್ನೊಂದನ್ನೂ ಎತ್ತಿ ಕುಡಿದು, ಮೀಸೆ ಒರೆಸಿಕೊಂಡರು. "ಅಮೃತ ಐತಿ. ಕುಡೀರಿ, ಕುಡೀರಿ."

ಮಾಸ್ತರುಗಳ ಕೈ ಲೋಟದ ಕಡೆ ಚಾಚಿತು. ಬಾಯಿ ಬಿಟ್ಟರೆ ಬಸಮ್ಮನ ಮನೆ ಮುಳುಗುತ್ತದೆ, ನನ್ನ ಕೆಲಸ ಹೋಗುತ್ತದೆ. ಬಿಡದಿದ್ದರೆ ಇವರೆಲ್ಲ ಕುಡಿದು ತಮ್ಮ ತಮ್ಮ ಊರಿಗೆ ಹೊರಡುತ್ತಾರೆ.

"ಯಾರೂ ಕುಡೀಬ್ಯಾಡ್ರಿ!" ಎಂದೆ. ನನ್ನ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. "ಲೋಟ ಕೆಳಗ ಇಡ್ರಿ. ಈ ಮನ್ಯಾಗ ಕಾಲರಾ ಐತಿ."

ಲೋಟಗಳು ಕಲ್ಲಿನ ಮೇಲೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಗುಂತಕಲ್ಲಿನ ಆ ತಾಯಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗುಡಿಯ ಕಡೆ ಓಡಿದಳು. ಹೆಡ್‌ಮಾಸ್ತರು ಕೈಯಲ್ಲಿ ಖಾಲಿ ಲೋಟ ಹಿಡಿದು ಕಲ್ಲಿನಂತೆ ನಿಂತುಬಿಟ್ಟರು.

ಬಸಮ್ಮ ನನ್ನ ತೋಳು ಹಿಡಿದು ಒಳಗೆ ಎಳೆದರು. "ಮರ್ಯಾದಿ ತೆಗದಿ ಅಕ್ಕ, ನನ್ನ ಮಗಳ ಮದುವಿ ಮುರದಿ" ಎನ್ನುತ್ತಲೇ ಹಿಂದಿನ ಕೋಣೆಯ ಬಾಗಿಲು ತೆಗೆದರು.

ನಾಗಮ್ಮ ಗೋಣಿಚೀಲದ ಮೇಲೆ ಮಲಗಿದ್ದಳು. ಹಿಂದಿನ ವಾರ ಗುಂಡುಗುಂಡಾಗಿದ್ದ ಮುಖ ಒಂದೇ ದಿನದಲ್ಲಿ ಮುದುಕಿಯ ಮುಖವಾಗಿತ್ತು. ಕಣ್ಣು ಒಳಗೆ ಹೋಗಿದ್ದವು. ಬೆರಳ ತುದಿ ದಿನವಿಡೀ ಬಟ್ಟೆ ಒಗೆದವಳ ಬೆರಳಿನಂತೆ ಸುಕ್ಕಾಗಿತ್ತು. ತುಟಿ ಅಲುಗಿತು, ದನಿ ಬರಲಿಲ್ಲ. ಬಗ್ಗಿ ಕಿವಿಗೊಟ್ಟೆ. ನೀರು, ಎನ್ನುತ್ತಿದ್ದಳು.

"ಕೊಡಬ್ಯಾಡ್ರಿ ಅಕ್ಕ" ಬಸಮ್ಮ ನನ್ನ ಕೈ ಹಿಡಿದರು. "ಕೊಟ್ಟರ ಮತ್ತ ಕಾರತಾಳ. ರಾತ್ರಿಯಿಂದ ಕೇಳಾಕತ್ತಾಳ, ನಾ ಒಂದು ಹನಿ ಕೊಟ್ಟಿಲ್ಲ. ಎದಿ ಕಲ್ಲು ಮಾಡಿಕೊಂಡೀನಿ."

ಆ ತಾಯಿಯನ್ನು ನಾನು ಇವತ್ತಿಗೂ ಬೈಯಲಾರೆ. ವಾಂತಿಭೇದಿಗೆ ನೀರು ಕೊಡಬಾರದು ಎಂದು ನಮ್ಮ ಅವ್ವ ಹೇಳಿದ್ದಳು, ಅವಳ ಅವ್ವ ಅವಳಿಗೆ ಹೇಳಿದ್ದಳು. ನನಗೂ ಗೊತ್ತಿದ್ದದ್ದು ಅಷ್ಟೇ. ಅಂಗಳದಲ್ಲಿ ಊರವರಲ್ಲದವರಿಗೆಲ್ಲ ಕೊಳಗ ತುಂಬಾ ಮಜ್ಜಿಗೆ. ಹತ್ತು ಹೆಜ್ಜೆ ಒಳಗೆ ಹೆತ್ತ ಮಗಳಿಗೆ ಒಂದು ಹನಿ ನೀರಿಲ್ಲ. ಎರಡೂ ಪ್ರೀತಿಯಿಂದಲೇ ಮಾಡಿದ್ದು.

ಸರ್ವಿಸ್ ಬಸ್ಸು ಬರುವುದು ಸಂಜೆಗೆ. ಎತ್ತಿನ ಬಂಡಿಯಲ್ಲಿ ಬಳ್ಳಾರಿ ಮುಟ್ಟುವಷ್ಟು ಹೊತ್ತು ಆ ಹುಡುಗಿಯಲ್ಲಿ ಉಳಿದಿರಲಿಲ್ಲ. ಊರಿನಲ್ಲಿ ಅವತ್ತು ಇದ್ದ ಗಾಡಿ ಎಂದರೆ ಹೂವಿನ ಹಾರ ಹಾಕಿಕೊಂಡು ನಿಂತಿದ್ದ ನಮ್ಮ ಪ್ರವಾಸದ ಬಸ್ಸು.

ಹೊರಗೆ ಬಂದು ಖಾದರನಿಗೆ ಹೇಳಿದೆ. ಅವನು ಬೀಡಿ ಬಿಸಾಕಿ, "ಹಿಂದಿನ ಸೀಟಿನ್ಯಾಗ ಮಲಗಸ್ರಿ ಅಕ್ಕಾರ. ನಾ ಗಾಡಿ ತಿರಗಸ್ತೀನಿ" ಎಂದ. ಹೆಡ್‌ಮಾಸ್ತರಿಗೆ ಆಗ ಮಾತು ಬಂತು.

"ಏನ್ರೀ ಇದು? ನಾವು ರೊಕ್ಕ ಕೊಟ್ಟು ಬಂದೀವಿ. ಇದು ಪ್ರವಾಸದ ಬಸ್ಸೋ ಆಂಬುಲೆನ್ಸೋ?"

ಖಾದರ್ ಹಳೆ ಬಟ್ಟೆಯಿಂದ ಗಾಜು ಒರೆಸುತ್ತಾ ತಿರುಗಿಯೂ ನೋಡದೆ ಹೇಳಿದ: "ಸಾರ್, ಎಲ್ಲಾರಕಿಂತ ಮೊದಲ ನೀವು ಎರಡು ಲೋಟ ಇಳಿಸೀರಿ. ಈಗ ನಿಮಗ ಪ್ರವಾಸ ಬೇಕೋ ಆಂಬುಲೆನ್ಸು ಬೇಕೋ, ನೀವ ಹೇಳ್ರಿ."

ಹೆಡ್‌ಮಾಸ್ತರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತರು. ಮಿಕ್ಕವರು ಗುಡಿಯ ಪೌಳಿಯಲ್ಲೇ ಉಳಿದರು. ಬಸ್ಸು ತಿರುಗಿ ಬರುವವರೆಗೆ ಏನೂ ಕುಡಿಯುವುದಿಲ್ಲ ಎಂದು ನಾನು ಕೇಳುವ ಮೊದಲೇ ತಾವಾಗಿ ಮಾತು ಕೊಟ್ಟರು. ಅಷ್ಟು ಹೆದರಿದ್ದರು.

ಬಸ್ಸು ಹೊರಡುವಾಗ ಗುಂತಕಲ್ಲಿನ ತಾಯಿ ಓಡಿ ಬಂದಳು. ಕೂಸನ್ನು ಗಂಡನ ಕೈಗೆ ಕೊಟ್ಟಿದ್ದಳು. ಕಿಟಕಿಯಿಂದ ಒಂದು ಫ್ಲಾಸ್ಕ್ ತೂರಿಸಿದಳು. "ಪಾಪಕನಿ ಕಾಚಿನ ನೀಳ್ಳು. ತೀಸ್ಕೋಂಡಿ" ಎಂದಳು. ಕೂಸಿಗೆಂದು ಕಾಯಿಸಿ ತಂದ ನೀರು. ಕೊಟ್ಟವಳೇ ಹಿಂದೆ ಸರಿದು, ಕೈಯನ್ನು ಸೆರಗಿಗೆ ತಿಕ್ಕಿ ತಿಕ್ಕಿ ಒರೆಸಿಕೊಂಡಳು.

ಬಸಮ್ಮನ ತೊಡೆಯ ಮೇಲೆ ಮಗಳ ತಲೆ. ನಾನು ಕೆಳಗೆ ಕುಳಿತಿದ್ದೆ. ಫ್ಲಾಸ್ಕು ಕೈಯಲ್ಲಿ. ಹುಡುಗಿಯ ಕಣ್ಣು ಅದರ ಮೇಲೆಯೇ. ಕೊಟ್ಟರೆ ಸಾಯುತ್ತಾಳೆ ಎಂದು ಅವ್ವ ಹೇಳಿದ ಮಾತು ಒಂದು ಕಡೆ. ಆದರೆ ಆ ಬೆರಳುಗಳನ್ನು ನೋಡಿದೆ. ನೀರಿಲ್ಲದೆ ಬಾಡಿದ ಸೊಪ್ಪಿಗೆ ನಾವು ಏನು ಮಾಡುತ್ತೇವೆ?

"ಬಸಮ್ಮ, ನಾ ಕೊಡತೀನಿ."

"ಬ್ಯಾಡ ಅಕ್ಕ."

"ಏನರ ಆದ್ರ ನನ್ನ ಹೆಸರು ಹೇಳ್ರಿ."

ಬಸಮ್ಮ ಕಣ್ಣು ಮುಚ್ಚಿಕೊಂಡರು. ಫ್ಲಾಸ್ಕಿನ ಮುಚ್ಚಳದಲ್ಲಿ ಒಂದು ಗುಟುಕು ಹಾಕಿ ತುಟಿಗೆ ಹಿಡಿದೆ. ನುಂಗಿದಳು. ಕಾದೆ. ಕಾರಿದಳು, ನನ್ನ ಸೀರೆಯ ಮೇಲೆ. ಮತ್ತೊಂದು ಗುಟುಕು ಹಾಕಿದೆ. ಬಸ್ಸು ಗುಂಡಿ ಹಾರಿದಾಗೆಲ್ಲ ಅರ್ಧ ನೀರು ನೆಲಕ್ಕೆ. ಖಾದರ್ ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸುವನು, ತಗ್ಗಿಸಿದರೆ ತಡವಾಗುತ್ತದೆಂದು ಮತ್ತೆ ಏರಿಸುವನು. ನಡುವೆ ಹೆಡ್‌ಮಾಸ್ತರು ಒಮ್ಮೆ ತಿರುಗಿ, ಮೆಲ್ಲಗೆ, "ಗೈಡಮ್ಮ, ಹೊಟ್ಟಿ ಗುರ್ ಅಂತು. ಅದ ಏನ್ರಿ?" ಎಂದರು.

"ವಗ್ಗರಣಿ ತಿಂದಿಲ್ಲಲ್ರಿ ಸಾರ್. ಹಸಿವಿರಬೇಕು" ಎಂದೆ. ಗೊತ್ತಿಲ್ಲ ಎನ್ನುವ ಧೈರ್ಯ ಆಗ ನನಗೆ ಬರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಎರಡೂ ತೋಳಿಗೆ ಸಲೈನ್ ಹಾಕಿದರು. ಗಟ್ಟಿ ಮೈಯ ನರ್ಸಮ್ಮ ಒಬ್ಬರು ಹೊರಗೆ ಬಂದು, "ದಾರಿಯೊಳಗ ನೀರು ಕುಡಿಸಿದವರು ಯಾರು?" ಎಂದು ಗದರಿದರು. ಬಸಮ್ಮ ನನ್ನ ಕಡೆ ನೋಡಿದರು.

"ನಾನ್ರಿ."

"ಎಷ್ಟು?"

"ಒಂದು ಫ್ಲಾಸ್ಕು."

"ಇನ್ನೊಂದು ಫ್ಲಾಸ್ಕು ಸಿಗಲಿಲ್ಲೇನು?" ಎಂದು ಆಕೆ ಒಳಗೆ ಹೋದರು. ಅದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ಗಳಿಗೆ ಹಿಡಿಯಿತು. ಬಸಮ್ಮನಿಗೆ ಅರ್ಥವಾದದ್ದು ನನಗಿಂತ ಮೊದಲು. ರಾತ್ರಿಯಿಡೀ ತಾನು ಕೊಡದೆ ಉಳಿಸಿದ ಪ್ರತಿ ಹನಿಯೂ ಆಗ ಅವರ ಮೇಲೆ ಬಿದ್ದಿರಬೇಕು. ಜಗಲಿಯ ಕಂಬ ಹಿಡಿದು ಕುಸಿದರು.

ಮಾರನೆಯ ದಿನ ಕಚೇರಿಯಲ್ಲಿ ಫಿನಾಯಿಲ್ ಹಾಕಿ ತೊಳೆದ ಬಸ್ಸಿನ ಮುಂದೆ ವೆಂಕೋಬರಾಯರು ನಿಂತಿದ್ದರು. "ನಿಮಗ ಬಸ್ ಕೊಟ್ಟದ್ದು ಮಂದಿ ಕರಕೊಂಡು ಹೋಗಾಕಮ್ಮ, ಜಡ್ಡು ಹೊತ್ತು ತರಾಕಲ್ಲ. ಆ ಹೆಸರನ್ನ ಬಸ್ಸು ತುಂಬಾ ಮಂದಿ ಮುಂದ ಒದರಿದಿರಂತಲ್ಲ!" ಎಂದು ಬೈಯುತ್ತಾ ಹೋದರು. ಬೈಯುತ್ತಲೇ ನಡುವೆ ನಿಲ್ಲಿಸಿ, "ಹುಡುಗಿ ಹೆಂಗದಾಳ?" ಎಂದು ಕೇಳಿದರು. "ಕಣ್ಣು ಬಿಟ್ಟಾಳ್ರಿ" ಎಂದೆ. ಅವರು ಬೇರೆ ಕಡೆ ತಿರುಗಿ, "ನಮ್ಮ ಹಿರೇ ಕೂಸು ಕಣ್ಣು ಬಿಡಲಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಹೆಸರನ್ನು ಅವರೇಕೆ ಕೇಳಲಾರರು ಎಂದು ಅವತ್ತು ತಿಳಿಯಿತು.

ಆ ಹಂಗಾಮಿಗೆ ಪ್ರವಾಸ ನಿಂತಿತು. ನಾನು ಚಳಿಗಾಲದವರೆಗೆ ಮನೆಯಲ್ಲಿ ಕುಳಿತೆ. ನಮ್ಮ ಬಸ್ಸಿನವರಲ್ಲಿ ಯಾರಿಗೂ ಏನೂ ಆಗಲಿಲ್ಲ, ಬಂದ ಸುದ್ದಿಯ ಮಟ್ಟಿಗೆ. ಬಾರದ ಸುದ್ದಿಯ ಯೋಚನೆ ಬಹಳ ದಿನ ನನ್ನನ್ನು ಬಿಡಲಿಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕೊಪ್ಪಳದಿಂದಲೋ ಗುಂತಕಲ್ಲಿನಿಂದಲೋ ಎಂದು ಬಾಗಿಲಿಗೆ ಓಡುತ್ತಿದ್ದೆ. ನಾಗಮ್ಮನ ಸಂಬಂಧ ಮುರಿಯಿತು. ಬಸಮ್ಮ ಹೆದರಿದ್ದು ಸುಳ್ಳಾಗಲಿಲ್ಲ.

ಮತ್ತೆ ಕರೆದಾಗ ಕೆಲಸದ ರೀತಿ ಬದಲಾಗಿತ್ತು. ಬೆಳಿಗ್ಗೆ ಪ್ರವಾಸಿಗರ ಕಣ್ಣೆದುರೇ ಕಚೇರಿಯ ಅಂಗಳದಲ್ಲಿ ಹಂಡೆ ಇಟ್ಟು ನೀರು ಕುದಿಸಿ, ಆರಿಸಿ, ಡ್ರಮ್ಮಿಗೆ ತುಂಬಿ ಬಸ್ಸಿನಲ್ಲಿ ಇಡುವುದು. ದಾರಿಯಲ್ಲಿ ಜಡ್ಡು ಇದ್ದರೆ ಇದೆ ಎಂದು ಮೊದಲೇ ಹೇಳುವುದು. ಬರುವವರು ಬರಲಿ. ಹೀಗೆ ಮಾಡಿದರೆ ಜನ ಬರುವುದಿಲ್ಲ ಎಂದುಕೊಂಡಿದ್ದೆವು, ನಿಧಾನಕ್ಕೆ ಬಂದರು. ಇದೆಲ್ಲ ತಮ್ಮ ಯೋಜನೆ ಎಂದು ವೆಂಕೋಬರಾಯರು ಮೇಲಿನವರಿಗೆ ಹೇಳಿಕೊಂಡರು. ಹೇಳಿಕೊಳ್ಳಲಿ. ತಮ್ಮ ತಾಮ್ರದ ಚಂಬನ್ನೂ ಅವರು ಅದೇ ಡ್ರಮ್ಮಿನಿಂದ ತುಂಬಿಸಿಕೊಳ್ಳತೊಡಗಿದರು, ಅದು ನನಗೆ ಸಾಕಾಗಿತ್ತು.

ನಿವೃತ್ತಿಗೆ ಮೊದಲಿನ ನನ್ನ ಕಡೆಯ ಪ್ರವಾಸದಲ್ಲಿ ಕುರುಗೋಡಿಗೆ ಹೋದಾಗ ಬಸಮ್ಮ ಇರಲಿಲ್ಲ, ತೀರಿಕೊಂಡು ವರ್ಷಗಳಾಗಿದ್ದವು. ಮನೆ ನಡೆಸುತ್ತಿದ್ದವಳು ನಾಗಮ್ಮ. ಅದೇ ಊರಿನಲ್ಲಿ ಮದುವೆಯಾಗಿ, ಎರಡು ಮಕ್ಕಳ ತಾಯಾಗಿದ್ದಳು. ಕಟ್ಟೆಯ ಮೇಲೆ ಲೋಟಗಳು ನೂಲು ಹಿಡಿದಂತೆ ಸಾಲಾಗಿ ಇದ್ದವು. ನಾನು ಅಂಗಳದಲ್ಲಿ ನಿಂತೆ. ಎಷ್ಟು ವರ್ಷವಾದರೂ ಆ ಮನೆಗೆ ಕಾಲಿಟ್ಟರೆ ನನ್ನ ಅಂಗೈ ತಣ್ಣಗಾಗುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಅವತ್ತು ನಾನು ಹಿತ್ತಲ ಹಗ್ಗ ನೋಡಿ ತಿಳಿದುಕೊಂಡದ್ದನ್ನೂ ಅವ್ವನಿಂದ ಕೇಳಿದ್ದಳು.

ಅವಳು ಮಜ್ಜಿಗೆಯ ಮೊದಲ ಲೋಟ ತುಂಬಿದಳು, ನನ್ನ ಕೈಗೆ ಕೊಡಲಿಲ್ಲ. ಬಂದವರಿಗಿಂತ ಮೊದಲು ಮನೆಯವರು ಬಾಯಿಗಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾಗಮ್ಮ ಎಲ್ಲರೂ ನೋಡುವಂತೆ ಆ ಲೋಟವನ್ನು ತಾನೇ ಎತ್ತಿ ಕುಡಿದು ಬರಿದು ಮಾಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲ ಬಾಗಿಲನ್ನು ಪೂರ್ತಿ ತೆರೆದಳು.

"ಬರ್ರಿ ಅಕ್ಕಾರ" ಎಂದಳು. "ಮೊದಲು ಹಗ್ಗ ನೋಡಿಕೊಂಡು ಬರ್ರಿ. ಆಮ್ಯಾಲ ಕುಡೀರಿ."